ಈ ಸಲದ ಶೌಟ್ ಯಾರದ್ದು?

ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಶುಕ್ರವಾರ ಆಫೀಸಿನವರ ಜೊತೆ ಪಬ್‌ಗೆ ಹೋದೆ. ಒಬ್ಬ ಎದ್ದು ಎಲ್ಲರಿಗೂ ಬಿಯರ್ ತಂದ. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬ ತಂದ. ‘ಎಷ್ಟು ಧಾರಾಳ ಜನ!’ ಎಂದುಕೊಂಡು, ಥ್ಯಾಂಕ್ಸ್ ಹೇಳಿ ಬಸ್ ಹಿಡಿದು ಮನೆಗೆ ಬಂದೆ. ಸೋಮವಾರ ಪಕ್ಕದ ಸೀಟಿನವನು ನಗುತ್ತಲೇ “ನಿನ್ನ ಶೌಟ್ ಬಾಕಿ ಇದೆ” ಅಂದಾಗಲೇ ನನಗೆ ಗೊತ್ತಾದದ್ದು, ನಾನು ಸಾಲ ಉಳಿಸಿಕೊಂಡು ಎದ್ದು ಬಂದಿದ್ದೆ ಅಂತ!

ಶೌಟ್ ಎಂದರೆ ಸರದಿ. ಇಂಗ್ಲೆಂಡಿನ ಪಬ್‌ಗಳಲ್ಲಿ ಇದಕ್ಕೇ ರೌಂಡ್ ಅನ್ನುತ್ತಾರೆ. ನಾಲ್ಕು ಜನ ಕೂತರೆ ನಾಲ್ಕು ಸುತ್ತು, ತಲೆಗೊಂದು. ನಮ್ಮೂರಿನ ಹೋಟೆಲಿನಲ್ಲಿ ಬಿಲ್ಲಿಗಾಗಿ ನಾವು ನಡೆಸುವ ಜಗ್ಗಾಟ ಇಲ್ಲಿಲ್ಲ; ಆದರೆ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಕುಡಿಯದವರು ಜ್ಯೂಸ್ ಹಿಡಿದು ಧಾರಾಳವಾಗಿ ಸೇರಬಹುದು. (ಲೆಮನ್ ಲೈಮ್ ಬಿಟರ್ಸ್ ಬರೀ ಶರಬತ್ತಲ್ಲ, ಆ ಬಿಟರ್ಸ್ ಹನಿಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಕಟ್ಟುನಿಟ್ಟಿನವರು ಗಮನಿಸಿ.) ಸರದಿಯೇ ಬೇಡವೆಂದರೆ ಮೊದಲ ಸುತ್ತಿಗೆ ಮುಂಚೆಯೇ “ನನ್ನದು ನಾನೇ ತಗೋತೀನಿ” ಅಂದುಬಿಡಿ.

ಇನ್ನು ಗ್ಲಾಸಿನ ಗೊಂದಲ. ಬ್ರಿಸ್ಬೇನ್‌ನಲ್ಲಿ ಪಾಟ್ ಎಂದರೆ 285 ಮಿ.ಲೀ., ಸ್ಕೂನರ್ 425, ಪೈಂಟ್ 570. ಅಡಿಲೇಡ್‌ಗೆ ಹೋಗಿ ಸ್ಕೂನರ್ ಕೇಳಿದರೆ 285 ಕೊಡುತ್ತಾರೆ, ಪೈಂಟ್ ಕೇಳಿದರೆ 425! ಪರ್ತ್‌ನಲ್ಲಿ 285ಕ್ಕೆ ಮಿಡಿ ಎಂದು ಹೆಸರು. ಒಂದೇ ದೇಶ, ಒಂದೇ ಕರೆನ್ಸಿ, ಸ್ಟಾಂಡರ್ಡ್ ಮಾತ್ರ ಇಲ್ಲ.

ಅಡಿಲೇಡ್‌ನ ಕೂಪರ್ಸ್ ಏಲ್ ನೋಡುವಂಥದ್ದು. ಥಾಮಸ್ ಕೂಪರ್ 1862ರಲ್ಲಿ ಶುರುಮಾಡಿದ್ದು, ಇಂದಿಗೂ ಅದೇ ಮನೆತನದ ಕೈಯಲ್ಲಿದೆ. ಲಾಗರ್ ತಣ್ಣಗೆ ನಿಧಾನವಾಗಿ ಹುದುಗಿದರೆ ಏಲ್ ಬೆಚ್ಚಗೆ ಬೇಗ ಹುದುಗುತ್ತದೆ, ಬೇಸಿಗೆಯ ಇಡ್ಲಿ ಹಿಟ್ಟಿನಂತೆ. ಇವರ ಪೇಲ್ ಏಲ್ ಬಾಟಲಿಯೊಳಗೂ ಮತ್ತೊಮ್ಮೆ ಹುದುಗುವುದರಿಂದ ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಮುಚ್ಚಳ ತೆಗೆಯುವ ಮುಂಚೆ ಬಾಟಲಿಯನ್ನು ಮೆಲ್ಲಗೆ ಉರುಳಿಸುತ್ತಾರೆ. ಮಬ್ಬಾಗಿ ಕಂಡರೆ ಕೆಟ್ಟಿದೆ ಎಂದು ವಾಪಸ್ ಕೊಡಬೇಡಿ.

ನಮ್ಮ ಮನೆಯಾಕೆಗೆ ಇಷ್ಟವಾದ ಕಥೆ ಟೂವಾಂಗ್‌ನ ರಿಗಾಟಾ ಹೋಟೆಲಿನದು. ಆಗ ಕ್ವೀನ್ಸ್‌ಲ್ಯಾಂಡ್‌ನ ಪಬ್ಲಿಕ್ ಬಾರ್‌ನಲ್ಲಿ ಹೆಂಗಸರಿಗೆ ಮದ್ಯ ಕೊಡುವಂತಿರಲಿಲ್ಲ. 1965ರಲ್ಲಿ ಮರ್ಲ್ ಥಾರ್ನ್‌ಟನ್, ರೊಸಾಲಿ ಬಾಗ್ನರ್ ಎಂಬಿಬ್ಬರು ಸರಪಳಿಯಿಂದ ತಮ್ಮನ್ನು ಬಾರ್‌ಗೇ ಕಟ್ಟಿಕೊಂಡು ಪ್ರತಿಭಟಿಸಿದರು.

ಕಾರ್ ತಂದವರಿಗೆ ಲೆಕ್ಕ ಬೇರೆ. ಇಲ್ಲಿ 10 ಗ್ರಾಂ ಆಲ್ಕೋಹಾಲ್ ಇದ್ದರೆ ಒಂದು ಸ್ಟಾಂಡರ್ಡ್ ಡ್ರಿಂಕ್. ಶೇ. 4.8ರ ಬಿಯರ್ ಆದರೆ ಒಂದು ಪಾಟ್‌ಗೇ ಸುಮಾರು 1.1, ಪೈಂಟ್‌ಗೆ 2.2. ಫುಲ್ ಲೈಸೆನ್ಸಿನವರ ರಕ್ತದಲ್ಲಿ 0.05 ಮುಟ್ಟುವಂತಿಲ್ಲ, ಎಲ್ ಮತ್ತು ಪಿ ಪ್ಲೇಟಿನವರಿಗೆ ಸೊನ್ನೆ. ನಾಲ್ಕು ಸುತ್ತಿನ ಶೌಟ್‌ಗೆ ಒಪ್ಪಿಕೊಂಡಮೇಲೆ ಸ್ಟೀರಿಂಗ್ ಮುಟ್ಟುವ ಮಾತೇ ಇಲ್ಲ.

ಮರುವಾರ ಮೊದಲ ಶೌಟ್ ನನ್ನದೇ ಆಗಿತ್ತು. ಎಲ್ಲರಿಗೂ ಪಾಟ್ ತಂದುಕೊಟ್ಟೆ, ನನಗೆ ಮಾತ್ರ ಆರೆಂಜ್ ಜ್ಯೂಸ್. ಅಂದು ಕಾರ್ ತಂದಿದ್ದೆ.