ಪಾಠ: ದುಡಿದ ಕೈಗೆ ಬಣ್ಣದ ಬ್ರಷ್



ಸರಕಾರಿ ನೌಕರರಿಗೆ 60 ವರ್ಷಕ್ಕೆ ನಿವೃತ್ತಿ. ಹಾರ, ಶಾಲು, ಸನ್ಮಾನ ಎಲ್ಲಾ ಇರುತ್ತದೆ. ಬೀಡಿ ಕಟ್ಟುವ, ಕೂಲಿಗೆ ಹೋಗುವ ನಮಗೆ? ಕೈಕಾಲು ಸೋತ ದಿನವೇ ನಿವೃತ್ತಿ. ಆಮೇಲೆ ಅಡುಗೆಮನೆ, ಮೊಮ್ಮಕ್ಕಳು. ನಡುವೆ ಚಿತ್ರ ಬರೆಯಬೇಕು ಅಂತ ಆಸೆಯಾದರೆ, "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ?" ಅನ್ನುವವರೇ ಹೆಚ್ಚು.

ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಜೋಧಯ್ಯಾ ಬಾಯಿ ಎಂಬ ತಾಯಿ ಬೈಗಾ ಬುಡಕಟ್ಟಿನವರು. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಮಕ್ಕಳನ್ನು ಸಾಕಿದರು. ಸುಮಾರು 70ನೇ ವಯಸ್ಸಿನಲ್ಲಿ ಆಶಿಷ್ ಸ್ವಾಮಿ ಎಂಬ ಕಲಾಶಿಕ್ಷಕರ ಬಳಿ ಚಿತ್ರ ಬರೆಯಲು ಕಲಿತರು. ತಮ್ಮ ಕಾಡಿನ ಹುಲಿ, ಇಪ್ಪೆ ಮರಗಳನ್ನೇ ಬರೆದರು. 2019ರಲ್ಲಿ ಅವರ ಚಿತ್ರಗಳು ಇಟಲಿಯ ಮಿಲಾನ್ ನಗರದಲ್ಲಿ ಪ್ರದರ್ಶನಗೊಂಡವು. 2023ರಲ್ಲಿ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ. ಆದರೆ ಮನಸ್ಸಿಟ್ಟು ಕಲಿಯುವುದು ನಮ್ಮಿಂದಲೂ ಆಗುತ್ತದೆ. ಹೇಗೆ?

1. ಹೊತ್ತು ಗೊತ್ತು ಮಾಡಿ: ದಿನಕ್ಕೆ ಅರ್ಧ ಗಂಟೆ ಸಾಕು. "ಇದು ನನ್ನ ಹೊತ್ತು" ಎಂದು ಮನೆಯವರಿಗೆ ಮೊದಲೇ ಹೇಳಿ. ಕೇಳದಿದ್ದರೆ ಯಾರೂ ಬಿಟ್ಟುಕೊಡುವುದಿಲ್ಲ.

2. ಗೊತ್ತಿರುವುದರಿಂದಲೇ ಶುರು ಮಾಡಿ: ಅಂಗಳದ ಕೋಳಿ, ನಾಟಿ ಗದ್ದೆ, ರಂಗೋಲಿ. ಸಾಗರ ಕಡೆಯ ದೀವರ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನಿಂದ ಹಸೆ ಚಿತ್ತಾರ ಬರೆಯುತ್ತಾ ಬಂದವರು. ಬಣ್ಣ ಅಂಗಡಿಯಿಂದಲೇ ಬರಬೇಕೆಂದಿಲ್ಲ.

3. ತಿಳಿದವರಿಗೆ ತೋರಿಸಿ: ಊರಿನ ಶಾಲೆಯ ಡ್ರಾಯಿಂಗ್ ಮಾಸ್ತರರನ್ನು ಕೇಳಿ. ತಪ್ಪು ತೋರಿಸಿದರೆ ಬೇಸರ ಬೇಡ. ನಮಗೆ ಹೊಲಿಗೆ ಬಂದದ್ದೂ ಬಿಚ್ಚಿ ಬಿಚ್ಚಿ ಹೊಲಿದೇ ಅಲ್ಲವೇ?

4. ಲೆಕ್ಕ ಇಡಿ: ಇದಕ್ಕಾಗಿ ಸಾಲ ಮಾಡಬೇಡಿ. ಪ್ರತಿ ಚಿತ್ರದ ಹಿಂದೆ ತಾರೀಕು ಬರೆದಿಡಿ. ಆರು ತಿಂಗಳಲ್ಲಿ ಎಷ್ಟು ಕಲಿತಿದ್ದೀರಿ ಅಂತ ನಿಮಗೇ ಕಾಣುತ್ತದೆ. ಯಾರಾದರೂ ಕೊಳ್ಳಲು ಬಂದರೆ ಬಣ್ಣದ ಖರ್ಚಿನ ಜೊತೆ ನಿಮ್ಮ ದುಡಿಮೆಯ ಕೂಲಿಯನ್ನೂ ಸೇರಿಸಿ ಬೆಲೆ ಹೇಳಿ.

ಚಿತ್ರ ಮಾರಾಟವಾಗದಿದ್ದರೂ ನಷ್ಟವಿಲ್ಲ. ಇಷ್ಟು ವರ್ಷ ಬೇರೆಯವರಿಗಾಗಿ ದುಡಿದ ಕೈ ಈಗ ತನಗಾಗಿ ಒಂದು ಕೆಲಸ ಮಾಡಿತಲ್ಲ, ಅದೇ ಲಾಭ.

ಸಭೆಯಲ್ಲಿ ಚರ್ಚಿಸಿ:

- ನಮ್ಮ ಸಂಘದ ಹಿರಿಯ ಸದಸ್ಯರಿಗೆ ದಿನದಲ್ಲಿ ಸ್ವಂತಕ್ಕೆ ಎಷ್ಟು ಹೊತ್ತು ಸಿಗುತ್ತದೆ?
- ಚಿಕ್ಕಂದಿನಲ್ಲಿ ಆಸೆಪಟ್ಟು ಬಿಟ್ಟ ಯಾವ ಕಲೆಯನ್ನು ನೀವು ಮತ್ತೆ ಶುರು ಮಾಡುತ್ತೀರಿ?
- ಅದಕ್ಕೆ ಸಂಘದಿಂದ ಏನು ಸಹಾಯ ಮಾಡಬಹುದು?