ತಾಮ್ರದ ನಾಡು, ವಜ್ರದ ನಾಡು

ಪ್ರೀತಿಯ ಮಗಳೇ,

ಬೋಟ್ಸ್ವಾನಾದ ಗಬೊರೋನಿನಿಂದ ಒಂದು, ಜಾಂಬಿಯಾದ ಕಿಟ್ವೆಯಿಂದ ಒಂದು, ಹೀಗೆ ಎರಡು ಕೆಲಸ ಒಟ್ಟಿಗೇ ನಿನ್ನ ಕೈಗೆ ಬಂದಿವೆ ಎಂದು ನಿನ್ನ ಅಪ್ಪ ಹೇಳಿದ. ಬಹಳ ಸಂತೋಷವಾಯಿತು. ಆಮೇಲೆ ನಿನ್ನ ಮೆಸೇಜೂ ಬಂತು. "ಬೋಟ್ಸ್ವಾನಾ ಉದ್ಧಾರವಾದ ದೇಶ, ಜಾಂಬಿಯಾ ಹಾಳಾದ ದೇಶ ಅಂತ ಎಲ್ಲ ಕಡೆ ಬರೆದಿದ್ದಾರೆ. ನೀವು ಅಲ್ಲೇ ಮೇಷ್ಟ್ರಾಗಿದ್ದವರು, ನಿಜವಾ ದೊಡ್ಡಪ್ಪ?" ಎಂದು ಕೇಳಿದ್ದೀಯ. ಇದಕ್ಕೆ ಫೋನಿನಲ್ಲಿ ಹೌದು, ಇಲ್ಲ ಎಂದು ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕೆಲಸದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಂಬಳ, ಆಸ್ಪತ್ರೆ, ರಸ್ತೆ, ಕರೆಂಟು ಇವನ್ನು ನೋಡುವುದಾದರೆ ಗಬೊರೋನಿಗೇ ಹೋಗು. ಬೋಟ್ಸ್ವಾನಾದಲ್ಲಿ ತಲಾ ವರಮಾನ ವರ್ಷಕ್ಕೆ ಏಳು ಸಾವಿರ ಡಾಲರಿನ ಆಸುಪಾಸು, ಜಾಂಬಿಯಾದಲ್ಲಿ ಅದರ ಐದನೇ ಒಂದು ಭಾಗದಷ್ಟು. ಜಾಂಬಿಯಾದಲ್ಲಿ ಹತ್ತರಲ್ಲಿ ಆರು ಜನ ಬಡತನದ ಗೆರೆಯ ಕೆಳಗಿದ್ದಾರೆ ಎಂದು ಆ ಸರ್ಕಾರವೇ ಲೆಕ್ಕ ಕೊಟ್ಟಿದೆ. ಇವು ಸುಳ್ಳಲ್ಲ. ಆದರೆ ಈ ಅಂಕಿಗಳನ್ನಷ್ಟೇ ತಲೆಯಲ್ಲಿಟ್ಟುಕೊಂಡು ನೀನು ಅಲ್ಲಿ ಇಳಿಯಬಾರದು. ಹಾಗೆ ಇಳಿದವರು ಆ ಜನರನ್ನು ನೋಡುವ ರೀತಿ ನನಗೆ ಗೊತ್ತು.

ಐವತ್ತು, ಅರವತ್ತು ವರ್ಷ ಹಿಂದೆ ಈ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. 1964ರ ಅಕ್ಟೋಬರ್ 24ರಂದು ಜಾಂಬಿಯಾ ಸ್ವತಂತ್ರವಾದಾಗ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲೇ ಅದು ಅನುಕೂಲಸ್ಥ ನಾಡು. ಕಿಟ್ವೆ, ಎನ್‌ಡೋಲಾ, ಚಿಂಗೋಲಾ, ಮುಫುಲಿರಾ, ಹೀಗೆ ಸಾಲಾಗಿ ತಾಮ್ರದ ಗಣಿಯ ಊರುಗಳು. ಗಣಿಗಳ ಸುತ್ತ ರೈಲು, ವಿದ್ಯುತ್, ಕಾರ್ಮಿಕರ ಕಾಲೊನಿ, ಆಟದ ಮೈದಾನ ಎಲ್ಲ ಇದ್ದವು. 1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾದಾಗ ಇದ್ದದ್ದೇನು? ಕಲಹರಿಯ ಮರಳು, ದನಕರು, ಜೊತೆಗೆ ಘೋರ ಬರ. ಇಡೀ ದೇಶದಲ್ಲಿ ಡಾಂಬರು ಕಂಡ ರಸ್ತೆ 12 ಕಿಲೋಮೀಟರ್, ಪದವೀಧರರು 22 ಜನ. ಬ್ರಿಟಿಷರಂತೂ ಆ ನಾಡನ್ನು ಅದರ ಗಡಿಯಾಚೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿನಲ್ಲಿ ಕೂತು ಆಳುತ್ತಿದ್ದರು. ರಾಜಧಾನಿ ಎನ್ನುವುದನ್ನೇ ಸ್ವಾತಂತ್ರ್ಯಕ್ಕೆ ಮುಂಚೆ ಆತುರದಲ್ಲಿ ಕಟ್ಟಬೇಕಾಯಿತು. ನೀನು ಹೋಗುವ ಗಬೊರೋನ್ ಹಾಗೆ ಹುಟ್ಟಿದ ಊರು.

ಮತ್ತೆ ಹೀಗೇಕಾಯಿತು? ನನ್ನ ತಿಳಿವಿಗೆ ಬಂದಂತೆ, ನೆಲದಡಿಯ ಸಂಪತ್ತು ಯಾರದು ಎಂಬುದನ್ನು ಬೋಟ್ಸ್ವಾನಾ ಮೊದಲೇ ತೀರ್ಮಾನಿಸಿಕೊಂಡಿತು. ಜಾಂಬಿಯಾಕ್ಕೆ ಆ ಅವಕಾಶ ಸಿಕ್ಕಿದ್ದು ತಡವಾಗಿ, ಅದೂ ಕೆಟ್ಟ ಕಾಲದಲ್ಲಿ.

1895ರಲ್ಲಿ ಬೋಟ್ಸ್ವಾನಾದ ಮೂವರು ಪಾಳೆಯಗಾರರು, ಮೂರನೆಯ ಖಾಮಾ, ಸೆಬೆಲೆ ಮತ್ತು ಬಾತೊಯೆನ್, ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ತಮ್ಮ ನಾಡನ್ನು ಸೆಸಿಲ್ ರೋಡ್ಸ್ ಎಂಬ ಬ್ರಿಟಿಷ್ ಗಣಿ ಧಣಿಯ ಕಂಪನಿಯ ಕೈಗೆ ಕೊಡಬೇಡಿ ಎಂದು ಕೇಳುವುದಕ್ಕೆ. ಊರೂರು ಸುತ್ತಿ ಮಾತಾಡಿ ಜನರನ್ನು ಒಲಿಸಿಕೊಂಡರು, ರಾಣಿ ವಿಕ್ಟೋರಿಯಾಳನ್ನೂ ಕಂಡರು. ನಾಡು ಕಂಪನಿಯ ಪಾಲಾಗದೆ ಉಳಿಯಿತು. ಗಬೊರೋನಿನಲ್ಲಿ ಆ ಮೂವರ ದೊಡ್ಡ ಕಂಚಿನ ಪ್ರತಿಮೆಗಳಿವೆ, ಮರೆಯದೆ ನೋಡು. ಜಾಂಬಿಯಾ ಮಾತ್ರ ಅದೇ ಕಂಪನಿಯ ಆಳ್ವಿಕೆಗೆ ಸಿಕ್ಕಿತು. 1924ರಲ್ಲಿ ಆಡಳಿತ ಬ್ರಿಟಿಷ್ ಸರ್ಕಾರಕ್ಕೆ ಹೋದರೂ ಖನಿಜದ ಹಕ್ಕು ಮಾತ್ರ ಕಂಪನಿಯಲ್ಲೇ ಉಳಿಯಿತು. ಸ್ವಾತಂತ್ರ್ಯದ ಮುನ್ನಾದಿನದವರೆಗೂ ಅಲ್ಲಿ ಅಗೆದ ತಾಮ್ರಕ್ಕೆ ಆ ಕಂಪನಿಗೆ ರಾಜಧನ ಸಲ್ಲುತ್ತಿತ್ತು. 1953ರಿಂದ ಹತ್ತು ವರ್ಷ ನೆರೆಯ ರೊಡೇಶಿಯಾದ (ಇಂದಿನ ಜಿಂಬಾಬ್ವೆಯ) ಜೊತೆ ಒಕ್ಕೂಟ ಮಾಡಿದಾಗ ತಾಮ್ರದ ತೆರಿಗೆ ಹಣ ಅಲ್ಲಿನ ಬಿಳಿಯರ ರಾಜಧಾನಿ ಸಾಲಿಸ್ಬರಿಯನ್ನು ಬೆಳೆಸಿತು. ಇಷ್ಟು ದೊಡ್ಡ ಗಣಿಗಳ ದೇಶದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಪದವಿ ಪಡೆದ ಕರಿಯರು ನೂರರಷ್ಟು. ತಾಮ್ರ ಹೋಯಿತು, ಶಾಲೆ ಬರಲಿಲ್ಲ. ನಮ್ಮಂಥ ಮೇಷ್ಟ್ರುಗಳು ಇಲ್ಲಿಂದ ಒಪ್ಪಂದದ ಮೇಲೆ ಅಲ್ಲಿಗೆ ಹೋಗಬೇಕಾದದ್ದೇ ಅದರಿಂದ.

ಬೋಟ್ಸ್ವಾನಾದ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ, ಆ ಮೂರನೆಯ ಖಾಮಾನ ಮೊಮ್ಮಗ. ಲಂಡನ್ನಿನಲ್ಲಿ ಓದುವಾಗ ರುತ್ ವಿಲಿಯಮ್ಸ್ ಎಂಬ ಬಿಳಿಯ ಹುಡುಗಿಯನ್ನು 1948ರಲ್ಲಿ ಮದುವೆಯಾದ. ವರ್ಣಭೇದದ ದಕ್ಷಿಣ ಆಫ್ರಿಕಾ ಕೆರಳಿತು, ಬ್ರಿಟಿಷರು ಅವನನ್ನು ಐದಾರು ವರ್ಷ ತಾಯ್ನಾಡಿನಿಂದಲೇ ದೂರವಿಟ್ಟರು. ಅಷ್ಟೆಲ್ಲ ಅನುಭವಿಸಿದವನು ಅಧಿಕಾರಕ್ಕೆ ಬಂದಾಗ ದ್ವೇಷ ಸಾಧಿಸಲಿಲ್ಲ. ನಾನು ಅವನನ್ನು ಮೆಚ್ಚುವುದು ಇನ್ನೊಂದು ಕಾರಣಕ್ಕೆ. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಸಿಕ್ಕಿದ್ದು ಅವನದೇ ಬುಡಕಟ್ಟಾದ ಬಂಗ್ವಾಟೋ ಜನರ ನೆಲದಲ್ಲಿ. ಆದರೆ ಆ ವರ್ಷದ ಗಣಿ ಕಾಯಿದೆ ಎಲ್ಲ ಬುಡಕಟ್ಟುಗಳ ಖನಿಜ ಹಕ್ಕನ್ನೂ ದೇಶದ ಹೆಸರಿಗೆ ಬರೆಯಿತು. ತನ್ನವರ ಅಂಗಳದ ಹೊನ್ನನ್ನು ಎಲ್ಲರದೆಂದು ಹಂಚಿಕೊಂಡದ್ದರಿಂದ ಬುಡಕಟ್ಟಿನ ಜಗಳಕ್ಕೆ ಆ ದೇಶದಲ್ಲಿ ಬೇರು ಬಿಡಲು ಜಾಗವೇ ಸಿಗಲಿಲ್ಲ. ನೈಜೀರಿಯಾ, ಕಾಂಗೊಗಳಲ್ಲಿ ಅಂಥ ಜಗಳದಿಂದ ಏನೇನಾಯಿತು ಎಂದು ನೀನು ಓದಿದ್ದೀಯ. ಆಮೇಲೆ ಡಿ ಬಿಯರ್ಸ್ ಕಂಪನಿಯ ಜೊತೆ ಚೌಕಾಸಿ ಮಾಡಿ, ಮೊದಲು ಸಿಕ್ಕಿದ್ದ ಸಣ್ಣ ಪಾಲನ್ನು ಅರ್ಧಕ್ಕೆ ಏರಿಸಿಕೊಂಡರು. 1982ರಲ್ಲಿ ಜ್ವಾನೆಂಗ್ ಗಣಿ ಶುರುವಾದ ಮೇಲೆ ಹಣ ಹೊಳೆಯಾಗಿ ಬಂತು. ಅದನ್ನು ಶಾಲೆ, ಆಸ್ಪತ್ರೆ, ರಸ್ತೆ, ಕೊಳವೆಬಾವಿಗಳಿಗೆ ಹಾಕಿ, ಮಿಕ್ಕದ್ದನ್ನು ಕೆಟ್ಟ ಕಾಲಕ್ಕೆಂದು ಪುಲಾ ನಿಧಿಯಲ್ಲಿ ಇಟ್ಟರು.

ವಜ್ರದ ಹಣ ಕೈತುಂಬ ಬರುವ ಮೊದಲಿನ ಒಂದು ಸಂಗತಿ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಎಪ್ಪತ್ತರ ದಶಕದಲ್ಲಿ ನೆರೆಯ ದೇಶಗಳ ಜೊತೆಗಿದ್ದ ಕೂಡು ವಿಶ್ವವಿದ್ಯಾಲಯ ಒಡೆದು, ಬೋಟ್ಸ್ವಾನಾ ತನ್ನದನ್ನು ತಾನೇ ಕಟ್ಟಬೇಕಾಯಿತು. ಒಬ್ಬೊಬ್ಬರೂ ಒಂದೊಂದು ದನ ಕೊಡಿ ಎಂದು ಸೆರೆಟ್ಸೆ ಖಾಮಾ ಜನರಿಗೆ ಕರೆ ಕೊಟ್ಟ. ದನವಿದ್ದವರು ದನ ಹೊಡೆದುಕೊಂಡು ಬಂದರು, ಇಲ್ಲದವರು ಜೋಳ, ಕೋಳಿ, ಮೊಟ್ಟೆ, ಚಿಲ್ಲರೆ ಕಾಸು ತಂದರು. ಆ ದೇಶದ ಕಾಲೇಜು ಕಟ್ಟಡ ಎದ್ದದ್ದು ಹಾಗೆ. ದನ ಹಿಡಿದು ನಿಂತ ಮನುಷ್ಯನ ಪ್ರತಿಮೆ ಈಗಲೂ ಆ ಆವರಣದಲ್ಲಿದೆ.

ಇನ್ನು ನನ್ನ ಜಾಂಬಿಯಾ. ಅದರ ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ಗಾಂಧೀಜಿಯನ್ನು ಮನಸಾರೆ ನಂಬಿದ್ದ ಮನುಷ್ಯ, ತಾನೂ ಮೇಷ್ಟ್ರಾಗಿದ್ದವನು. ಶಾಲೆಗಳನ್ನು, ಆಸ್ಪತ್ರೆಗಳನ್ನು ಅವನು ಬಹಳ ಬೇಗ ಕಟ್ಟಿಸಿದ. 1969ರಲ್ಲಿ ಗಣಿಗಳಲ್ಲಿ ಶೇಕಡಾ 51ರ ಪಾಲನ್ನು ಸರ್ಕಾರಕ್ಕೆ ತೆಗೆದುಕೊಂಡ. ತಾಮ್ರದ ಬೆಲೆ ಆಗ ಉತ್ತುಂಗದಲ್ಲಿತ್ತು. ಐದೇ ವರ್ಷಕ್ಕೆ, 1974-75ರಲ್ಲಿ, ಬೆಲೆ ಕುಸಿಯಿತು. ರಫ್ತಿನ ಶೇಕಡಾ 90ಕ್ಕೂ ಮೇಲೆ ತಾಮ್ರವನ್ನೇ ನಂಬಿದ್ದ ದೇಶ ಅದು. ಸರ್ಕಾರ ಖರ್ಚು ತಗ್ಗಿಸುವ ಬದಲು ಸಾಲ ಮಾಡಿತು. ಬೆಲೆ ಮತ್ತೆ ಏರುತ್ತದೆಂದು ಎಲ್ಲರೂ ನಂಬಿದ್ದರು. ಏರಲಿಲ್ಲ. ವರ್ಷಕ್ಕೆ ಏಳು ಲಕ್ಷ ಟನ್ನಿನಷ್ಟು ತಾಮ್ರ ತೆಗೆಯುತ್ತಿದ್ದ ದೇಶ 2000ದ ಹೊತ್ತಿಗೆ ಎರಡೂವರೆ ಲಕ್ಷ ಟನ್ನಿಗೆ ಇಳಿಯಿತು.

ಇದರ ನಡುವೆ ಇನ್ನೊಂದು ಹೊರೆ. 1965ರಲ್ಲಿ ರೊಡೇಶಿಯಾದ ಬಿಳಿಯರು ತಾವೇ ಸ್ವತಂತ್ರರೆಂದು ಸಾರಿಕೊಂಡರು. ಜಾಂಬಿಯಾದ ತಾಮ್ರ ಸಮುದ್ರ ಸೇರುತ್ತಿದ್ದದ್ದು ಅವರ ರೈಲಿನ ಮೇಲೆ. 1973ರಲ್ಲಿ ಆ ಗಡಿಯೇ ಮುಚ್ಚಿತು. ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಚೀನಾದವರು 1,860 ಕಿಲೋಮೀಟರ್ ರೈಲುದಾರಿ ಹಾಕಿಕೊಡುವವರೆಗೆ ಜಾಂಬಿಯಾ ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೂ ಕೌಂಡಾ ಹಿಂಜರಿಯಲಿಲ್ಲ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳ ಹೋರಾಟಗಾರರಿಗೆಲ್ಲ ರಾಜಧಾನಿ ಲುಸಾಕಾದಲ್ಲಿ ಆಶ್ರಯ ಕೊಟ್ಟ, ಬಾಂಬು ದಾಳಿಗಳನ್ನೂ ಸಹಿಸಿದ. ಮಂಡೇಲಾರ ಪಕ್ಷದ ಕೇಂದ್ರ ಕಚೇರಿ ವರ್ಷಗಟ್ಟಲೆ ಇದ್ದದ್ದು ಅಲ್ಲೇ. ತಲಾ ವರಮಾನದ ಪಟ್ಟಿಯಲ್ಲಿ ಈ ಖರ್ಚಿಗೆ ಕಾಲಂ ಇಲ್ಲ ಮಗಳೇ. ನೆರೆಯವರ ಬಿಡುಗಡೆಗೆ ಜಾಂಬಿಯಾ ತೆತ್ತದ್ದನ್ನು ಲೆಕ್ಕಕ್ಕೆ ಹಿಡಿಯದೆ ಅದರ ಬಡತನವನ್ನು ಅಳೆಯುವುದು ಅನ್ಯಾಯ. ಹಾಗೆಂದು ಕೌಂಡಾನ ತಪ್ಪುಗಳನ್ನು ಮುಚ್ಚಿಡುವುದಿಲ್ಲ. 1972ರಲ್ಲಿ ಬೇರೆ ಪಕ್ಷಗಳನ್ನೆಲ್ಲ ನಿಷೇಧಿಸಿದ. ಎದುರು ಮಾತಾಡುವವರಿಲ್ಲದ ಮೇಲೆ ತಪ್ಪು ಲೆಕ್ಕ ತಿದ್ದುವವರೂ ಇಲ್ಲವಾದರು. ಬೋಟ್ಸ್ವಾನಾದಲ್ಲಿ ಮೊದಲಿನಿಂದಲೂ ಚುನಾವಣೆ ತಪ್ಪಲಿಲ್ಲ. 'ಖೋಟ್ಲಾ' ಎಂಬ ಊರ ಕಟ್ಟೆಯಲ್ಲಿ ಮಂತ್ರಿಯಾದರೂ ಜನರ ಮುಂದೆ ನಿಂತು ಬೈಸಿಕೊಳ್ಳಬೇಕಿತ್ತು. ಈ ವ್ಯತ್ಯಾಸ ನನ್ನ ಕಣ್ಣಿಗೆ ತಾಮ್ರ ವಜ್ರಗಳ ವ್ಯತ್ಯಾಸಕ್ಕಿಂತ ದೊಡ್ಡದು.

ಎಂಬತ್ತರ ದಶಕದ ಕಿಟ್ವೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೋಪಿಗೆ ಕ್ಯೂ, ಎಣ್ಣೆಗೆ ಕ್ಯೂ, ಮೀಲಿ ಮೀಲ್ ಎಂಬ ಮುಸುಕಿನ ಜೋಳದ ಹಿಟ್ಟಿಗೆ ಬೆಳಗಿನ ಜಾವದಿಂದ ಕ್ಯೂ. ಆ ಹಿಟ್ಟಿನಿಂದ ಮಾಡುವ ಶಿಮಾ ನಮ್ಮ ರಾಗಿಮುದ್ದೆಯ ಬಿಳಿ ತಂಗಿಯಂತಿರುತ್ತದೆ, ಅದಿಲ್ಲದೆ ಅವರಿಗೆ ಊಟವಿಲ್ಲ. ಸಾಲ ಕೊಟ್ಟವರ ಒತ್ತಾಯಕ್ಕೆ 1986ರ ಡಿಸೆಂಬರಿನಲ್ಲಿ ಸಬ್ಸಿಡಿ ತೆಗೆದಾಗ ನಯವಾದ ಹಿಟ್ಟಿನ ಬೆಲೆ ಒಂದೇ ಏಟಿಗೆ ಇಮ್ಮಡಿಗಿಂತ ಹೆಚ್ಚಾಯಿತು. ಗಣಿಯೂರುಗಳಲ್ಲಿ ದಂಗೆಯೆದ್ದಿತು, ಜನ ಸತ್ತರು. ನನ್ನ ತರಗತಿಯ ಹುಡುಗರು ಹಸಿದುಕೊಂಡೇ ಬೀಜಗಣಿತ ಬಿಡಿಸುತ್ತಿದ್ದರು. ಅವರಷ್ಟು ಓದುವ ಹಸಿವಿದ್ದ ಮಕ್ಕಳನ್ನು ನಾನು ಇಲ್ಲಿಗೆ ಮರಳಿದ ಮೇಲೂ ಹೆಚ್ಚು ಕಂಡಿಲ್ಲ. ಅದೇ ದಶಕದಲ್ಲಿ ಬೋಟ್ಸ್ವಾನಾಕ್ಕೆ ವರ್ಷಗಟ್ಟಲೆ ಬರ ಬಂತು. ಅಲ್ಲಿನ ಸರ್ಕಾರ ಹಳ್ಳಿಹಳ್ಳಿಯಲ್ಲಿ ಕೂಲಿ ಕೆಲಸ ತೆರೆಯಿತು, ಮಕ್ಕಳಿಗೆ ಊಟ ಹಾಕಿತು, ಕ್ಷಾಮದ ಸಾವು ಆಗಲು ಬಿಡಲಿಲ್ಲ. ವಜ್ರದ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

1991ರಲ್ಲಿ ಕೌಂಡಾ ಚುನಾವಣೆ ನಡೆಸಿ, ಸೋತು, ಗದ್ದಲವಿಲ್ಲದೆ ಇಳಿದ. ಇಪ್ಪತ್ತೇಳು ವರ್ಷ ಆಳಿದವನು ಹಾಗೆ ಇಳಿಯುವುದು ಆಗಿನ ಆಫ್ರಿಕಾದಲ್ಲಿ ಅಪರೂಪ. ಮುಂದೆ ಬಂದವರು ಗಣಿಗಳನ್ನು ಮಾರಿದರು, ಗಣಿ ಕಂಪನಿ ನಡೆಸುತ್ತಿದ್ದ ಆಸ್ಪತ್ರೆ, ಶಾಲೆಗಳು ಅನಾಥವಾದವು. 2004ರಲ್ಲಿ ಅತಿ ದೊಡ್ಡ ಗಣಿಗಳಲ್ಲಿ ಒಂದಾದ ಕೊಂಕೋಲಾ ಭಾರತ ಮೂಲದ ವೇದಾಂತ ಕಂಪನಿಯ ಕೈಗೆ ಬಂತು. ಆ ಗಣಿಯಿಂದ ನದಿನೀರು ಕೆಟ್ಟಿತೆಂದು ಚಿಂಗೋಲಾದ ಹಳ್ಳಿಗರು ಹೂಡಿದ ದಾವೆಯನ್ನು ಲಂಡನ್ನಿನಲ್ಲೇ ವಿಚಾರಿಸಬಹುದೆಂದು 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಭಾರತೀಯಳಾಗಿ ಅಲ್ಲಿಗೆ ಹೋಗುವ ನೀನು ಇದನ್ನು ತಿಳಿದಿರಬೇಕು. 2005ರ ಹೊತ್ತಿಗೆ ಜಾಂಬಿಯಾದ ಹಳೆಯ ಸಾಲದ ಬಹುಪಾಲು ಮನ್ನಾ ಆಯಿತು. ಆದರೆ 2012ರಿಂದ 2015ರೊಳಗೆ 300 ಕೋಟಿ ಡಾಲರಿನ ಬಾಂಡು ಮಾರಿ ಮತ್ತೆ ಸಾಲಕ್ಕೆ ಬಿದ್ದು, 2020ರ ನವೆಂಬರಿನಲ್ಲಿ ಕಂತು ಕಟ್ಟಲಾರೆ ಎಂದು ಕೈಚೆಲ್ಲಿತು. ಅಷ್ಟಾದರೂ 2022ರಿಂದ ಸರ್ಕಾರಿ ಶಾಲೆಗಳಲ್ಲಿ ಹನ್ನೆರಡನೆಯ ತರಗತಿವರೆಗೆ ಶುಲ್ಕ ತೆಗೆದಿದ್ದಾರೆ. ನಾನು ಈ ಸುದ್ದಿ ಓದಿದ ದಿನ ನಿನ್ನ ದೊಡ್ಡಮ್ಮನಿಗೆ ಎರಡು ಸಲ ಓದಿ ಹೇಳಿದೆ.

ಗಬೊರೋನಿನಲ್ಲೂ ಎಲ್ಲವೂ ಸೊಗಸೆಂದು ತಿಳಿಯಬೇಡ. ಏಡ್ಸ್ ಆ ದೇಶವನ್ನು ಹಿಂಡಿಬಿಟ್ಟಿತ್ತು. ವಯಸ್ಕರಲ್ಲಿ ನಾಲ್ವರಿಗೊಬ್ಬರಿಗೆ ಸೋಂಕು, ಸರಾಸರಿ ಆಯುಸ್ಸು ಅರವತ್ತರ ಆಸುಪಾಸಿನಿಂದ ಐವತ್ತಕ್ಕೆ ಬಿದ್ದಿತ್ತು. ಅಧ್ಯಕ್ಷ ಫೆಸ್ಟಸ್ ಮೊಗಾಯೆ ಮುಚ್ಚುಮರೆಯಿಲ್ಲದೆ ಅದನ್ನು ಜಗತ್ತಿನ ಮುಂದಿಟ್ಟು, 2002ರಿಂದ ಸರ್ಕಾರದ ವತಿಯಿಂದ ಉಚಿತ ಔಷಧಿ ಕೊಡಿಸಿದರು. ದೇಶ ಮತ್ತೆ ಉಸಿರಾಡಿತು. ಇಲ್ಲಿ ಕೌಂಡಾನನ್ನೂ ನೆನೆಯಬೇಕು. ತನ್ನ ಮಗ ಏಡ್ಸ್‌ನಿಂದಲೇ ಸತ್ತನೆಂದು 1987ರಲ್ಲೇ, ಎಲ್ಲ ನಾಯಕರೂ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ, ಜಗತ್ತಿಗೆ ಹೇಳಿದ ತಂದೆ ಅವನು.

ಬೋಟ್ಸ್ವಾನಾದ ಇನ್ನೊಂದು ಹುಳುಕು ಅಸಮಾನತೆ. ಜಗತ್ತಿನಲ್ಲೇ ಅತಿ ಹೆಚ್ಚು ಅಂತರವಿರುವ ದೇಶಗಳ ಸಾಲಿನಲ್ಲಿ ಅದಿದೆ. ಓದಿದ ಹುಡುಗರಿಗೆ ಕೆಲಸವಿಲ್ಲ, ಏಕೆಂದರೆ ವಜ್ರದ ಗಣಿಗೆ ಬೇಕಾದ ಕೈಗಳು ಕಡಿಮೆ. ಕಲಹರಿಯ ಆದಿನಿವಾಸಿಗಳಾದ ಬಸಾರ್ವಾ ಜನರನ್ನು ಅಭಯಾರಣ್ಯದಿಂದ ಎಬ್ಬಿಸಿದ್ದು ಆ ಸರ್ಕಾರದ ಮೇಲಿನ ದೊಡ್ಡ ಕಳಂಕ. 2006ರಲ್ಲಿ ಅವರ ಪರ ತೀರ್ಪು ಕೊಟ್ಟದ್ದು ಅದೇ ದೇಶದ ನ್ಯಾಯಾಲಯ ಎಂಬುದಷ್ಟೇ ಸಮಾಧಾನ. ಈಗ ಪ್ರಯೋಗಾಲಯದಲ್ಲಿ ಬೆಳೆದ ವಜ್ರ ಅಗ್ಗವಾಗಿ ಸಿಗತೊಡಗಿದೆ, ಅದರಲ್ಲಿ ನಮ್ಮ ಸೂರತ್ತಿನ ಪಾಲು ದೊಡ್ಡದು. ಗಣಿಯ ವಜ್ರ ಕೇಳುವವರು ಕಡಿಮೆಯಾಗಿ ಬೋಟ್ಸ್ವಾನಾದ ಬೊಕ್ಕಸ ಸೊರಗುತ್ತಿದೆ. 1974ರಲ್ಲಿ ಜಾಂಬಿಯಾಕ್ಕೆ ಬಂದ ಕಷ್ಟ ಈಗ ಬೋಟ್ಸ್ವಾನಾದ ಬಾಗಿಲಿಗೆ ಬಂದಿದೆ. 2024ರಲ್ಲಿ ಜನ 58 ವರ್ಷ ಆಳಿದ ಪಕ್ಷವನ್ನು ಮತ ಹಾಕಿ ಇಳಿಸಿದರು, ಒಂದು ಕಲ್ಲೂ ಹಾರಲಿಲ್ಲ. ಕೂಡಿಟ್ಟ ಹಣ ಕರಗುವ ಮುಂಚೆ ಬೇರೆ ದುಡಿಮೆ ಕಂಡುಕೊಂಡರೆ ಅವರು ಬದುಕುತ್ತಾರೆ.

ಜನಸಂಖ್ಯೆಯನ್ನೂ ಮರೆಯಬೇಡ. ಬೋಟ್ಸ್ವಾನಾದ ಇಪ್ಪತ್ತನಾಲ್ಕು ಲಕ್ಷ ಜನ ಎಂದರೆ ಬೆಂಗಳೂರಿನ ಒಂದು ಮೂಲೆ. ಜಾಂಬಿಯಾದಲ್ಲಿ ಎರಡು ಕೋಟಿ. ಅಷ್ಟು ವಜ್ರವನ್ನು ಅಷ್ಟು ಕಡಿಮೆ ಜನ ಹಂಚಿಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಎರಡು ದೇಶಗಳ ನಡುವಿನ ಗಡಿ ಜಾಂಬೆಜಿ ನದಿಯ ಮೇಲೆ ಬರೀ ನೂರೈವತ್ತು ಮೀಟರಿನಷ್ಟು. ಅಲ್ಲಿ ಹಿಂದೆ ಲಾರಿಗಳು ದೋಣಿಗಾಗಿ ದಿನಗಟ್ಟಲೆ ಕಾಯುತ್ತಿದ್ದವು. 2021ರಲ್ಲಿ ಕಜುಂಗುಲಾ ಸೇತುವೆ ಬಂದಿದೆ. ಮೊದಲ ರಜೆಗೆ ಅದನ್ನು ದಾಟಿ ಜಾಂಬಿಯಾಕ್ಕೂ ಹೋಗಿ ಬಾ. 2024ರ ಬರದಲ್ಲಿ ಕರೀಬಾ ಜಲಾಶಯ ಬತ್ತಿ ದಿನಕ್ಕೆ ಕೆಲವೇ ಗಂಟೆ ಕರೆಂಟು ಕಂಡ ಜನ, ಅತಿಥಿಗೆ ಶಿಮಾ ಬಡಿಸುವುದನ್ನು ಬಿಟ್ಟವರಲ್ಲ.

ಕೊನೆಯದಾಗಿ, ದೊಡ್ಡಪ್ಪನಾಗಿ ಒಂದು ಕೇಳಿಕೊಳ್ಳುತ್ತೇನೆ. ಆ ದೇಶಗಳಲ್ಲಿ ನಮ್ಮವರ ಮನೆಗಳಿಗೆ ನಿನ್ನನ್ನು ಪ್ರೀತಿಯಿಂದ ಕರೆಯುತ್ತಾರೆ, ಹೋಗು. ಅಲ್ಲಿ ಕೆಲವರು ಮನೆಗೆಲಸದವರನ್ನು, ಅಂಗಡಿಯ ಹುಡುಗರನ್ನು ಮೈಬಣ್ಣ ಹಿಡಿದು ಹೀನಾಯವಾಗಿ ಮಾತಾಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಾತಿಗೆ ನೀನು ತಲೆದೂಗಬೇಡ. ತಪ್ಪು ಎಂದು ಅಲ್ಲೇ ಹೇಳು, ಯಾರಿಗೆ ಬೇಸರವಾದರೂ ಚಿಂತೆಯಿಲ್ಲ. ಬೋಟ್ಸ್ವಾನಾದಲ್ಲಿ ಹಿರಿಯ ಹೆಂಗಸರನ್ನು ಕಂಡರೆ "ಡುಮೆಲಾ ಮ್ಮಾ", ಗಂಡಸರನ್ನು ಕಂಡರೆ "ಡುಮೆಲಾ ರ್ರಾ" ಎಂದು ಮೊದಲು ನೀನೇ ನಮಸ್ಕರಿಸು. ಆರು ತಿಂಗಳೊಳಗೆ ಸೆಟ್ಸ್ವಾನಾ ಮಾತಾಡಲು ಕಲಿ. ಆಫೀಸಿನ ಹಿರಿಯರ ಹತ್ತಿರ ಅವರ ಅಪ್ಪ ಅಮ್ಮಂದಿರ ಕಾಲದ ಕಥೆ ಕೇಳು, ಕೇಳಿದ್ದನ್ನು ನನಗೆ ಬರೆದು ಕಳಿಸು.

ಹಳದಿಜ್ವರದ ಲಸಿಕೆಯ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೋ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ