ತಟ್ಟೆ ಊಟಕ್ಕೆ ಪುರಾವೆ ಯಾಕೆ?

ಊಟ ಹಂಚುವ ಕೆಲಸಕ್ಕೆ ಇಳಿದವರನ್ನೆಲ್ಲ ಮೊದಲು ಕಾಡುವ ಪ್ರಶ್ನೆ, ಇದು ನಿಜವಾದ ಬಡವರಿಗೇ ಸೇರುತ್ತಿದೆಯೇ ಎಂಬುದು. ನನ್ನನ್ನೂ ಅದು ಬಿಟ್ಟಿಲ್ಲ. ಆದರೆ ಉಳ್ಳವರು ನುಸುಳದಂತೆ ಹಾಕಿದ ಬೇಲಿಗೆ ಹೆಚ್ಚಾಗಿ ಸಿಕ್ಕಿಬೀಳುವವರು ಏನೂ ಇಲ್ಲದವರೇ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ವಿಳಾಸದ ಪುರಾವೆ, ಆಧಾರ್, ಓಟಿಪಿ ಬರುವ ಫೋನು ಇವೆಲ್ಲ ಕೈಯಲ್ಲಿದ್ದರೆ ಬದುಕು ಅಷ್ಟರಮಟ್ಟಿಗೆ ನೆಲೆ ಕಂಡಿದೆ ಎಂದೇ ಅರ್ಥ. ಮನೆಯವರು ಹೊರಗಟ್ಟಿದ ಮುದುಕಿ, ಫ್ಲೈಓವರ್ ಕೆಳಗೆ ಮಲಗುವವನು, ಸೈಟಿನಿಂದ ಸೈಟಿಗೆ ಗುಳೆ ಹೋಗುವ ಕುಟುಂಬ, ಊರು ಬಿಟ್ಟು ಬಂದ ಲಿಂಗತ್ವ ಅಲ್ಪಸಂಖ್ಯಾತರು, ಇವರಿಗೆ ಕಾಗದಪತ್ರ ಇಲ್ಲದಿರುವುದೂ ಬಡತನದ ಒಂದು ಭಾಗವೇ.

2013ರ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನಸಂಖ್ಯೆಯ ಶೇ 75, ನಗರದ ಶೇ 50ರಷ್ಟು ಮಂದಿಯವರೆಗೆ ರಿಯಾಯಿತಿ ಧಾನ್ಯದ ಹಕ್ಕು ಕೊಟ್ಟಿತು. ದೊಡ್ಡ ಹೆಜ್ಜೆಯೇ ಅದು. ಆದರೆ ಆ ಲೆಕ್ಕ 2011ರ ಜನಗಣತಿಗೆ ಅಂಟಿಕೊಂಡಿದ್ದರಿಂದ, ಜನ ಬೆಳೆದಂತೆ ಪಟ್ಟಿ ಬೆಳೆಯಲಿಲ್ಲ. ಕಾರ್ಡ್ ಇದ್ದವರಿಗೂ ಸೊಸೈಟಿಯಲ್ಲಿ ಹೆಬ್ಬೆಟ್ಟಿನ ಪರೀಕ್ಷೆ ತಪ್ಪಿದ್ದಲ್ಲ. ಗಾರೆ ಕಲಸಿ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಬೇಕು, ಇನ್ನೊಂದು ಬೆರಳು ಇಡಬೇಕು, ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬಾರಮ್ಮ’ ಎನ್ನಿಸಿಕೊಳ್ಳಬೇಕು. ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಹೋದಂತೆ. ಹಾಗೆಂದು ತಿಂಗಳ ರೇಷನ್‌ಗೆ ದಾಖಲೆಯೇ ಬೇಡ ಎಂದು ನಾನು ಹೇಳಲಾರೆ. ಮೂಟೆಗಟ್ಟಲೆ ಅಕ್ಕಿ ಕಾಳಸಂತೆಗೆ ಸಾಗುವುದನ್ನು ತಡೆಯಲು ಲೆಕ್ಕ ಬೇಕು. ಅದೇ ತರ್ಕವನ್ನು ಬೇಯಿಸಿದ ಅನ್ನಕ್ಕೂ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಬಿಸಿ ಚಿತ್ರಾನ್ನವನ್ನು ಯಾರು ತಾನೆ ದಾಸ್ತಾನು ಮಾಡಿಯಾರು? 2020ರ ಲಾಕ್‌ಡೌನಿನಲ್ಲಿ ಎಲ್ಲೆಡೆ ಹಂಚಿದ ಅಕ್ಕಿ, ಬೇಳೆ, ಎಣ್ಣೆಯ ಕಿಟ್ಟುಗಳೂ ಒಲೆ, ಪಾತ್ರೆ, ಸೂರು ಇದ್ದವರಿಗಷ್ಟೇ ಊಟವಾದವು.

ಇಂದಿರಾ ಕ್ಯಾಂಟೀನ್ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಚೆನ್ನೈನ ಅಮ್ಮ ಉಣವಗಂ ಅದಕ್ಕೂ ನಾಲ್ಕು ವರ್ಷ ಮೊದಲೇ ಈ ದಾರಿ ಹಿಡಿದಿತ್ತು. ಇಂದಿರಾ ಕ್ಯಾಂಟೀನಿನಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ. ಟೋಕನ್ ಪಡೆದವನು ಗಿರಾಕಿ, ಅಷ್ಟೇ. ಗುಣಮಟ್ಟದ ಬಗ್ಗೆ, ಗುತ್ತಿಗೆದಾರರ ಬಾಕಿ ಬಿಲ್ಲಿನ ಬಗ್ಗೆ ದೂರುಗಳು ಬಂದಿವೆ, ಅವನ್ನು ಮುಚ್ಚಿಡಬೇಕಿಲ್ಲ. ಕೈಯಲ್ಲಿ ಐದು ರೂಪಾಯಿಯೂ ಇಲ್ಲದವರಿಗೆ ಅದೂ ಬಾಗಿಲು ತೆರೆಯುವುದಿಲ್ಲ, ಅವರಿಗೆ ಉಚಿತ ಊಟವೇ ಆಗಬೇಕು. ಸಂಬಳದವರೂ ಅಲ್ಲಿ ತಿನ್ನುತ್ತಾರಲ್ಲ ಎಂಬ ಆಕ್ಷೇಪಕ್ಕೆ ನನ್ನ ಉತ್ತರ: ತಿನ್ನಲಿ. ಸಾಲಿನಲ್ಲಿ ನಿಂತು, ಕೊಟ್ಟದ್ದನ್ನು ನಿಂತೇ ಉಣ್ಣಲು ಉಳ್ಳವರು ದಿನಾ ಬರುವುದಿಲ್ಲ. ಬಂದರೆ, ಅದು ಬಡವರ ಸಾಲು ಎಂಬ ಹಣೆಪಟ್ಟಿ ತುಸು ಸಡಿಲವಾದೀತು. ಬಿಟ್ಟಿ ಅನ್ನ ಸೋಮಾರಿಗಳನ್ನು ಹುಟ್ಟಿಸುತ್ತದೆ ಎಂಬ ಮಾತು ಅನ್ನಭಾಗ್ಯ ಶುರುವಾದ 2013ರಿಂದಲೂ ಕೇಳಿಬರುತ್ತಿದೆ. ಹೊಟ್ಟೆ ತುಂಬಿದ್ದರಿಂದ ಕೂಲಿಯವನು ಸಿಕ್ಕ ಕೂಲಿಗೆ ಒಪ್ಪದೆ ಚೌಕಾಸಿ ಮಾಡಿದರೆ ಅದನ್ನು ಸೋಮಾರಿತನ ಎಂದು ಕರೆಯುವವರು ಸಾಮಾನ್ಯವಾಗಿ ಕೂಲಿ ಕೊಡುವ ಕಡೆಯವರು.

ದಾನಿಗಳಿಗೆ ಲೆಕ್ಕ ಕೊಡಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆಂದ ಅಕ್ಕಿ, ಖಾಲಿಯಾದ ಸಿಲಿಂಡರ್, ತೊಳೆದ ತಟ್ಟೆ ಎಣಿಸಿದರೆ ಲೆಕ್ಕ ಸಿಗುತ್ತದೆ. ಪೊಟ್ಟಣ ಹಿಡಿದವರ ಮುಖ ಮೊಬೈಲಿನಲ್ಲಿ ಸೆರೆಹಿಡಿಯಬೇಕಿಲ್ಲ. ಇನ್ನು ಪಂಕ್ತಿಭೇದ ಕಂಡ ನಾಡಿನಲ್ಲಿ ಉಣ್ಣುವವರ ಸಾಲಿನಷ್ಟೇ ಅಡುಗೆಮನೆಯೂ ಮುಖ್ಯ. ಶಾಲೆಯ ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು. ದಲಿತ ಹೆಂಗಸು ಬೇಯಿಸಿದ್ದನ್ನು ಮಕ್ಕಳು ಉಣ್ಣಬಾರದೆಂದು ಹಟ ಹಿಡಿದ ಊರುಗಳು ಆಮೇಲೂ ಸುದ್ದಿಯಾಗಿವೆ. ಪರಿಹಾರದ ಊಟ ನಡೆಸುವ ಸಂಘಗಳು ಫಲಾನುಭವಿಗಳ ಪಟ್ಟಿಗೆ ಕೊಡುವ ಸಮಯದಲ್ಲಿ ಅರ್ಧವನ್ನು ಸೌಟು ಯಾರ ಕೈಯಲ್ಲಿದೆ, ಅವರಿಗೆ ಕೂಲಿ ಎಷ್ಟು ಎಂಬುದಕ್ಕೆ ಕೊಡಲಿ.